ಬಯಲುಸೀಮೆಯ ಬಿಸಿಲು, ಮಲೆನಾಡಿನ ಮಳೆ ಮತ್ತು ಮಕ್ಕಳ ಆಟ



ನಮ್ಮ ಸಂಘದ ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ದಾಸ್ತಾನು, ಕಾಫಿ ಮತ್ತು ಅಡಿಕೆಯ ಧಾರಣೆ ಇವುಗಳನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ಮಕ್ಕಳ ಆಟದ ವಿಷಯ ಬರೆಯುತ್ತಿರುವುದನ್ನು ಕಂಡು, ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರು ಕೇಳಬಹುದು. ಕೊನೆಯವರೆಗೆ ಓದಿದರೆ ಇದು ನಮ್ಮ ಕೊಯ್ಲಿಗೂ ಸಂಬಂಧಪಟ್ಟ ವಿಷಯವೆಂದು ತಿಳಿಯುತ್ತದೆ.

ನಮ್ಮ ತೋಟಗಳಿಗೆ ಹಣ್ಣು ಕುಯ್ಯಲು ಬರುವವರಲ್ಲಿ ಈಗ ಬಯಲುಸೀಮೆಯವರೇ ಹೆಚ್ಚು. ನನ್ನ ತೋಟಕ್ಕೆ ಹಲವು ವರ್ಷಗಳಿಂದ ಬರುತ್ತಿರುವವರು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಕುಟುಂಬಗಳು. ಗಂಡ ಹೆಂಡಿರು ಬರುವಾಗ ಮಕ್ಕಳೂ ಜೊತೆಗೆ ಬರುತ್ತವೆ. ಆಳು ಎಷ್ಟು ಬಂದರು ಎಂದು ನಾವು ಮಸ್ಟರ್ ಪುಸ್ತಕದಲ್ಲಿ ಬರೆಯುತ್ತೇವೆ. ಮಕ್ಕಳು ಎಷ್ಟು ಬಂದವು ಎಂದು ಬರೆಯುವುದಿಲ್ಲ. ನಾನೂ ಬರೆದಿರಲಿಲ್ಲ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ನಡೆದ ಸಂಗತಿ ಹೇಳುತ್ತೇನೆ. ಕಣದಲ್ಲಿ ಚೆರಿ ಹರಡಿತ್ತು. ಮಧ್ಯಾಹ್ನ ಹೋಗಿ ನೋಡಿದರೆ ಲೈನಿನ ನಾಲ್ಕೈದು ಮಕ್ಕಳು ರಾಶಿಯ ಮೇಲೆ ಹತ್ತಿ ಜಾರುತ್ತ, ಕಾಫಿಯನ್ನು ಎರಚಾಡುತ್ತ ಕುಣಿಯುತ್ತಿದ್ದವು. ನನಗೆ ಸಿಟ್ಟು ಬಂತು. ಬಾಯಿಗೆ ಬಂದಂತೆ ಗದರಿದೆ. ಒಬ್ಬ ಹುಡುಗನ ರಟ್ಟೆ ಹಿಡಿದು ಎಳೆದು ಆಚೆ ಬಿಟ್ಟೆ. ಇನ್ನು ಮುಂದೆ ಮಕ್ಕಳು ಲೈನ್ ಬಿಟ್ಟು ಹೊರಗೆ ಬರಕೂಡದೆಂದು ರೈಟರಿಗೆ ಹೇಳಿದೆ. ಮೂರನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಆರು ಜೋಡಿ ಆಳು ಗಂಟುಮೂಟೆ ಕಟ್ಟಿಕೊಂಡು ಹೊರಟು ನಿಂತಿದ್ದರು. ಆ ವರ್ಷ ಎರಡು ಬ್ಲಾಕಿನ ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಉದುರಿತು. ಹೊರಡುವ ಮುಂಚೆ ಆ ಹುಡುಗನ ತಾಯಿ ನನ್ನೆದುರು ಹೇಳಿದ ಮಾತು ಇಷ್ಟೇ: "ನಮ್ಮೂರಾಗ ಕಣ ಅಂದ್ರ ಹುಡುಗ್ರು ಆಡೋ ಜಾಗಾರೀ ಸಾವ್ಕಾರ್ರ. ಇಲ್ಲಿ ಕಣಕ್ಕ ಬರಬ್ಯಾಡ, ಗಿಡದಾಗ ಹೋಗಬ್ಯಾಡ, ನೀರಿನ ಕಡೆ ಹೋಗಬ್ಯಾಡ ಅಂದ್ರ, ಅವು ಎಲ್ಲಿ ಇರಬೇಕ್ರೀ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಬೇಸಿಗೆಯಲ್ಲಿ ಲೆಕ್ಕ ಚುಕ್ತಾ ಮಾಡುವ ನೆವದಿಂದ ಮೇಸ್ತ್ರಿಯ ಊರಿಗೆ ಹೋದೆ. ಅನಂತರ ಬೇರೆ ಬೇರೆ ಕಾಲದಲ್ಲಿ ಮೂರು ನಾಲ್ಕು ಸಲ ಹೋಗಿ ಬಂದಿದ್ದೇನೆ. ಅಲ್ಲಿ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಸದಸ್ಯರ ಮುಂದಿಡುತ್ತೇನೆ.

ಆ ಸೀಮೆಯ ನೆಲ ಮತ್ತು ಹವೆ

ನೈಋತ್ಯ ಮುಂಗಾರಿನ ಮೋಡ ಅರಬ್ಬೀ ಸಮುದ್ರದಿಂದ ಬಂದು ಮೊದಲು ನಮ್ಮ ಘಟ್ಟಕ್ಕೆ ತಾಗುತ್ತದೆ. ಗಾಳಿ ಮೇಲೇರಿದಂತೆ ತಂಪಾಗಿ, ಅದರಲ್ಲಿದ್ದ ನೀರೆಲ್ಲ ಮಳೆಯಾಗಿ ನಮ್ಮ ಮೇಲೆ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಇಳಿದಷ್ಟೂ ಬಿಸಿಯಾಗುತ್ತದೆ, ಒಣಗುತ್ತದೆ. ರಾಯಚೂರು ಸೀಮೆ ಹೀಗೆ ಮಳೆಯ ಮರೆಯಲ್ಲಿದೆ. ನಮ್ಮಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರು, ಅದಕ್ಕೂ ಮೇಲೆ ಮಳೆಯಾದರೆ, ಅಲ್ಲಿ ಆಗುವುದು ಸುಮಾರು 600 ಮಿಲಿಮೀಟರಿನ ಆಸುಪಾಸು. ಅದೂ ಜೂನ್ ಜುಲೈಯಲ್ಲಿ ಸುರಿದು ಮುಗಿಯುವುದಿಲ್ಲ. ಸೆಪ್ಟೆಂಬರ್ ತಿಂಗಳ ಮಳೆಯೇ ಅಲ್ಲಿ ದೊಡ್ಡದು.

ಎತ್ತರದ ವ್ಯತ್ಯಾಸವೂ ಉಂಟು. ನಮ್ಮ ತೋಟಗಳು ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದ್ದರೆ ಸಿಂಧನೂರು ಕಡೆಯ ನೆಲ ಸುಮಾರು 400 ಮೀಟರ್. ಪ್ರತಿ ಸಾವಿರ ಮೀಟರಿಗೆ ಆರು ಆರೂವರೆ ಡಿಗ್ರಿ ಎಂದು ಲೆಕ್ಕ ಹಾಕಿದರೆ, ಎತ್ತರವೊಂದರಿಂದಲೇ ಸುಮಾರು ನಾಲ್ಕು ಡಿಗ್ರಿ ವ್ಯತ್ಯಾಸ ಬರುತ್ತದೆ. ಅದರ ಮೇಲೆ ಮರದ ನೆರಳಿಲ್ಲದ ಬಯಲು, ಬಿಸಿಲನ್ನು ಹೀರುವ ಕಪ್ಪು ನೆಲ, ತೇವವಿಲ್ಲದ ಗಾಳಿ. ಹಾಗಾಗಿ ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ.

ಮಣ್ಣಿನ ವಿಷಯವನ್ನೂ ಗಮನಿಸಬೇಕು. ಸಿಂಧನೂರಿನ ಕಡೆ ಬಹುಮಟ್ಟಿಗೆ ಎರೆ ನೆಲ. ಲಿಂಗಸುಗೂರು ಮತ್ತು ಮಸ್ಕಿಯ ಕಲ್ಲುಗುಡ್ಡಗಳ ಸುತ್ತ ಮಸಾರಿ ಹೆಚ್ಚು. ಎರೆ ಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಒಂದು ಹದ ಮಳೆ ಬಿದ್ದರೆ ಎರೆ ನೆಲದಲ್ಲಿ ಎರಡು ದಿನ ಕಾಲಿಡಲಾಗದು, ಹೆಜ್ಜೆಗೆ ಒಂದೊಂದು ಸೇರು ಮಣ್ಣು ಮೆತ್ತಿಕೊಳ್ಳುತ್ತದೆ. ಮಸಾರಿಯಲ್ಲಿ ನೀರು ಬೇಗ ಇಂಗುತ್ತದೆ, ಮಳೆ ನಿಂತ ಗಳಿಗೆಗೆಲ್ಲ ಹುಡುಗರು ಹೊರಗಿರುತ್ತಾರೆ. ಮಳೆ ಒಂದೇ ಆದರೂ ನೆಲ ಬೇರೆಯಾದರೆ ಆಟವೂ ಬೇರೆಯಾಗುತ್ತದೆ ಎಂಬುದನ್ನು ನಾನು ಮೊದಲು ತಿಳಿದದ್ದು ಅಲ್ಲಿಯೇ.

ಬೇಸಿಗೆ: ಆಟಕ್ಕೆ ಎರಡೇ ಹೊತ್ತು

ನಮ್ಮಲ್ಲಿ ಜುಲೈ ಆಗಸ್ಟಿನಲ್ಲಿ ಮಳೆ ಹೆಚ್ಚಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಅಲ್ಲಿ ಲೆಕ್ಕ ಬಿಸಿಲಿನದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ನಡೆಸುವ ಪದ್ಧತಿಯಿದೆ. ಕಚೇರಿಗೇ ಹೀಗಾದ ಮೇಲೆ ಮನೆಮನೆಯ ದಿನಚರಿಯನ್ನು ಬಿಸಿಲೇ ನಿಶ್ಚಯಿಸುವುದರಲ್ಲಿ ಆಶ್ಚರ್ಯವಿಲ್ಲ.

ಬೆಳಗ್ಗೆ ಒಂಬತ್ತರೊಳಗೆ ಒಂದು ಆಟ, ಸಂಜೆ ಐದರ ಮೇಲೆ ಒಂದು ಆಟ. ಚಿಣಿಪಣಿ, ಲಗೋರಿ, ಗೋಲಿ ಎಲ್ಲವೂ ಈ ಎರಡು ಹೊತ್ತಿನಲ್ಲಿ. ನಡುವಿನ ಹೊತ್ತು ಪಡಸಾಲೆಯಲ್ಲಿ ಅಥವಾ ಗುಡಿಯ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಕೂತು ಆಡುವ ಆಟಗಳಿಗೆ: ಚೌಕಾಬಾರ, ಹುಲಿ ಕುರಿ. ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ನಮ್ಮ ರಾಜ್ಯದ ಎಷ್ಟೋ ಕಡೆ ನೋಡಬಹುದು. ಬಿಸಿಲು ಇಳಿಯುವವರೆಗೆ ಕಾಯುವುದು ಬಹಳ ಹಿಂದಿನಿಂದ ಬಂದ ಪಾಠ.

ಇದರಲ್ಲಿ ವೈದ್ಯಶಾಸ್ತ್ರವೂ ಇದೆ. ಸಣ್ಣ ಮಕ್ಕಳ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು, ಬೆವರುವ ಶಕ್ತಿ ಕಡಿಮೆ. ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ ಮಕ್ಕಳ ಮೈ ಬೇಗ ಕಾಯುತ್ತದೆ. ಆಟದ ಹುರುಪಿನಲ್ಲಿ ಬಾಯಾರಿಕೆ ತಿಳಿಯುವುದಿಲ್ಲ. ಅಲ್ಲಿಯ ಅಜ್ಜಿಯರು ಮಧ್ಯಾಹ್ನ ಮಕ್ಕಳನ್ನು ಬೈದು ಒಳಗೆ ಮಲಗಿಸಿ, ಎದ್ದ ಕೂಡಲೆ ಅಂಬಲಿಯನ್ನೋ ಮಜ್ಜಿಗೆಯನ್ನೋ ಉಪ್ಪು ಹಾಕಿ ಕುಡಿಸುವುದು ಇದಕ್ಕೇ.

ಬೇಸಿಗೆಯ ರಾತ್ರಿ ಇಡೀ ಮನೆ ಮಾಳಿಗೆಯ ಮೇಲಿರುತ್ತದೆ. ನಮ್ಮ ಮನೆಗಳಿಗೆ ಇಳಿಜಾರು ಹೆಂಚು, ಮಳೆ ನೀರು ಜಾರಿ ಹೋಗಲೆಂದು. ಮಳೆ ಕಡಿಮೆಯಿರುವ ಆ ಸೀಮೆಯಲ್ಲಿ ಹಳೆಯ ಮನೆಗಳೆಲ್ಲ ಚಪ್ಪಟೆ ಮಣ್ಣಿನ ಮಾಳಿಗೆಯವು. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಕೌದಿ ಹಾಸಿ, ಅಜ್ಜ ಅಜ್ಜಿ ಮೊಮ್ಮಕ್ಕಳು ಸಾಲಾಗಿ ಮಲಗುತ್ತಾರೆ. ಕಥೆ ಹೇಳುವುದು, ಒಗಟು ಬಿಡಿಸುವುದು, ಚುಕ್ಕೆ ಎಣಿಸುವುದು ಎಲ್ಲ ಅಲ್ಲೇ. ಅದೇ ಮಾಳಿಗೆ ಹಗಲಿನಲ್ಲಿ ಶ್ಯಾವಿಗೆ, ಸಂಡಿಗೆ, ಹಪ್ಪಳ ಒಣಗಿಸುವ ಜಾಗ. ಕಾಗೆ ಓಡಿಸುವ ಕೆಲಸ ಮಕ್ಕಳದು. ನಮ್ಮಲ್ಲೂ ಮೇ ತಿಂಗಳಲ್ಲಿ ಹಲಸಿನ ಹಪ್ಪಳಕ್ಕೆ ಮಕ್ಕಳನ್ನು ಕಾವಲು ಕೂರಿಸುತ್ತೇವೆ. ವ್ಯತ್ಯಾಸವೆಂದರೆ ನಾವು ಮಳೆ ಬಂದೀತೆಂದು ಆಕಾಶ ನೋಡುತ್ತ ಒಣಗಿಸುತ್ತೇವೆ, ಅವರು ಮಳೆ ಬರಲೆಂದು ಆಕಾಶ ನೋಡುತ್ತ ಒಣಗಿಸುತ್ತಾರೆ.

ಮುಂಗಾರು: ಮಣ್ಣಿನ ಆಟ

ಜ್ಯೇಷ್ಠದ ಹುಣ್ಣಿಮೆಯಲ್ಲಿ ಕಾರಹುಣ್ಣಿಮೆ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕರಿ ಹರಿಯುತ್ತಾರೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಷ್ಟರೊಳಗೆ ಮೊದಲ ಮಳೆ ಬಿದ್ದು ಕೆರೆಯಂಗಳದ ಮಣ್ಣು ಹದವಾಗಿರುತ್ತದೆ. ಆ ಮಣ್ಣು ತಂದು ಜೋಡೆತ್ತು ಮಾಡಿ ಪೂಜಿಸಿ, ಮರುದಿನ ಮಕ್ಕಳ ಕೈಗೆ ಬಿಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಮತ್ತು ಹೂವಿನಿಂದ ಸಿಂಗರಿಸಿ ಆಡುತ್ತಾರೆ.

ಇದು ಕೇವಲ ಪದ್ಧತಿಯಲ್ಲ, ಹವೆಯ ಲೆಕ್ಕ. ತಿಂಗಳ ಹಿಂದೆ ಆ ಮಣ್ಣು ಕಲ್ಲಿನಂತಿತ್ತು, ಎರಡು ತಿಂಗಳು ಕಳೆದರೆ ಕೆರೆಯಲ್ಲಿ ನೀರು ನಿಂತೀತು. ಮಣ್ಣು ಕೈಯಲ್ಲಿ ಹದವಾಗಿ ನಿಲ್ಲುವ ಕಾಲ ಇದೊಂದೇ. ಮಕ್ಕಳು ಬೊಂಬೆ ಮಾಡುವಾಗ ಬಿತ್ತನೆಗೆ ಮಣ್ಣು ಹದವಾಗಿದೆಯೇ ಎಂಬ ಪರೀಕ್ಷೆಯನ್ನೂ ಕೈಯಾರೆ ಕಲಿಯುತ್ತವೆ.

ಮಳೆ ಬಾರದಿದ್ದರೆ ಅದಕ್ಕೂ ಮಕ್ಕಳೇ ಮುಂದು. ಗುರ್ಜಿಯನ್ನು ತಲೆಯ ಮೇಲೆ ಹೊತ್ತ ಹುಡುಗನೊಡನೆ ಗುಂಪು ಮನೆಮನೆಗೆ ಹೋಗುತ್ತದೆ. ಮನೆಯವರು ಹೊತ್ತವನ ತಲೆಯ ಮೇಲೆ ನೀರು ಸುರಿದು ಕಾಳುಕಡಿ ಕೊಡುತ್ತಾರೆ. ಭಾದ್ರಪದದಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತರುವ ಜೋಕುಮಾರನೂ ಮಳೆಯ ದೇವರೇ. ನೀರಿಗೆ ಬರವಿರುವ ಊರಿನಲ್ಲಿ ಒಂದು ಕೊಡ ನೀರನ್ನು ಹುಡುಗನ ತಲೆಯ ಮೇಲೆ ಸುರಿಯುವುದು ಸಣ್ಣ ಮಾತಲ್ಲ. ಮಕ್ಕಳಿಗೆ ಅದು ಆಟ, ಹಿರಿಯರಿಗೆ ಅದು ಪ್ರಾರ್ಥನೆ.

ಶ್ರಾವಣದಲ್ಲಿ ನಾಗರಪಂಚಮಿ ಜೋಕಾಲಿಯ ಹಬ್ಬ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೇವಿನ ಮರ, ಹುಣಸೆ ಮರ, ಮನೆಯ ತೊಲೆ, ಎಲ್ಲಿ ಹಗ್ಗ ಕಟ್ಟಲು ಸಾಧ್ಯವೋ ಅಲ್ಲೆಲ್ಲ ಜೋಕಾಲಿ. ಹುಡುಗರು ಕೊಬ್ಬರಿ ಬಟ್ಟಲು, ತೆಂಗಿನಕಾಯಿ ಇಟ್ಟುಕೊಂಡು ಪಂದ್ಯ ಆಡುತ್ತಾರೆ. ನಮ್ಮಲ್ಲಿ ಆ ದಿನಗಳಲ್ಲಿ ಮರದ ಕೆಳಗೆ ನಿಲ್ಲಲಿಕ್ಕೂ ಆಗದು, ಜಿಗಣೆ ಬೇರೆ. ಮಳೆಯ ಮರೆಯ ಸೀಮೆಯಾದ್ದರಿಂದ ಅಲ್ಲಿ ಆಗ ತುಂತುರು, ಮೋಡ, ಬೀಸುಗಾಳಿ ಇಷ್ಟೇ. ಬಿಸಿಲಿನ ಕಾಟ ತಗ್ಗಿರುತ್ತದೆ, ಬಿತ್ತನೆ ಮುಗಿದು ಕೈ ಸ್ವಲ್ಪ ಬಿಡುವಾಗಿರುತ್ತದೆ. ಜೋಕಾಲಿ ಆಡಲು ಇದಕ್ಕಿಂತ ಒಳ್ಳೆಯ ಕಾಲ ಅವರಿಗೆ ಇನ್ನೊಂದಿಲ್ಲ. ಅದೇ ತಿಂಗಳು ನಮ್ಮ ಮಕ್ಕಳು ಜಗಲಿಯಲ್ಲಿ ಅಳಗುಳಿಮಣೆ ಹಾಕಿ ಕೂರುತ್ತಿದ್ದರು. ಮಳೆ ಹೊಳವಾದರೆ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಏಡಿ ಹಿಡಿಯಲು ಓಡುತ್ತಿದ್ದೆವು.

ಋತುವಿಗೆ ಕಟ್ಟುಬೀಳದ ಹಬ್ಬ ಒಂದುಂಟು, ಅದು ಮೊಹರಂ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಬಹಳ ಪ್ರಸಿದ್ಧ. ಹಿಂದೂಗಳು ಮುಸಲ್ಮಾನರು ಕೂಡಿಯೇ ಮಾಡುತ್ತಾರೆ. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಈ ಹಬ್ಬ ಪ್ರತಿ ವರ್ಷ ಹಿಂದೆ ಹಿಂದೆ ಸರಿಯುತ್ತದೆ. 2000ದಲ್ಲಿ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಂದಿದ್ದ ಹಬ್ಬ 2025ರಲ್ಲಿ ಜುಲೈ ತಿಂಗಳ ಮೋಡದ ಕೆಳಗೆ ಬಂತು. ಸುಮಾರು 33 ವರ್ಷಕ್ಕೆ ಒಂದು ಸುತ್ತು. ಹಾಗಾಗಿ ಅಜ್ಜ ಹುಡುಗನಾಗಿದ್ದಾಗ ಬಿಸಿಲಿನಲ್ಲಿ ಹಾಕಿದ ಹೆಜ್ಜೆಯನ್ನು ಮೊಮ್ಮಗ ಮಳೆಯಲ್ಲಿ ಹಾಕುತ್ತಾನೆ.

ಸುಗ್ಗಿ: ಕಣವೇ ಆಟದ ಬಯಲು

ಸೀಗೆ ಹುಣ್ಣಿಮೆಯ ಹೊತ್ತಿಗೆ ಹಿಂಗಾರಿ ಜೋಳದ ಬಿತ್ತನೆ. ಎರೆ ನೆಲ ಸೆಪ್ಟೆಂಬರಿನ ಮಳೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವುದರಿಂದ ಮುಂದೆ ಮಳೆಯಿಲ್ಲದಿದ್ದರೂ ಇಬ್ಬನಿಯಲ್ಲೇ ಬೆಳೆ ಬರುತ್ತದೆ. ಡಿಸೆಂಬರ್ ಜನವರಿಯಲ್ಲಿ ಕಾಳು ಹಾಲುಗಟ್ಟಿದಾಗ ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಸೀತನಿ ತಿನ್ನುತ್ತಾರೆ. ಇಡೀ ಮನೆ ಹೊಲದಲ್ಲಿ ಕೂತು ತಿನ್ನುವ ತಿಂಡಿ ಅದು.

ಆಗಲೇ ಬರುವುದು ಎಳ್ಳಮಾವಾಸ್ಯೆ. ಡಿಸೆಂಬರ್ ಕೊನೆಗೋ ಜನವರಿಗೋ ಬೀಳುತ್ತದೆ. ಸಜ್ಜೆ ರೊಟ್ಟಿ, ಕಡಬು, ಎಣಗಾಯಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂಡಿ ಹೂಡಿ, ಈಗ ಟ್ರಾಕ್ಟರ್ ಹತ್ತಿ, ಹೊಲಕ್ಕೆ ಹೋಗುತ್ತಾರೆ. ಬೆಳೆಯ ಸುತ್ತ ಚರಗ ಚೆಲ್ಲಿ, ಭೂಮಿತಾಯಿಗೆ ಎಡೆ ಕೊಟ್ಟು, ಬಂದವರನ್ನೆಲ್ಲ ಕೂರಿಸಿ ಉಣ್ಣುತ್ತಾರೆ. ಒಮ್ಮೆ ಆ ದಿನ ನಾನು ಅಲ್ಲಿದ್ದೆ. ಹವೆ ನಮ್ಮ ನವೆಂಬರಿನಂತೆ ತಿಳಿಯಾಗಿತ್ತು. ಇಡೀ ವರ್ಷದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮಕ್ಕಳು ಬಯಲಿನಲ್ಲಿ ಓಡಾಡಬಹುದಾದ ತಿಂಗಳುಗಳು ಅಲ್ಲಿ ಎರಡೋ ಮೂರೋ ಮಾತ್ರ ಎಂದು ಆಗ ನನಗೆ ಹೊಳೆಯಿತು. ಆ ತಿಂಗಳುಗಳಲ್ಲೇ ನಾವು ಅವರನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇವೆ.

ಎಳ್ಳಮಾವಾಸ್ಯೆಗೆ ನಾಲ್ಕು ದಿನ ಊರಿಗೆ ಹೋಗಿಬರುತ್ತೇವೆ ಎಂದು ಆಳುಗಳು ಕೇಳಿದಾಗ ನಾವೆಲ್ಲ ಗೊಣಗುತ್ತೇವೆ. ಅರೇಬಿಕಾ ಹಣ್ಣು ಕೆಂಪಾಗಿ ನಿಂತಿರುವಾಗ ಇದೆಂಥ ಹಬ್ಬ ಎನ್ನುತ್ತೇವೆ. ಅವರ ಕಡೆಯಿಂದ ನೋಡಿದರೆ ಇಡೀ ಮನೆ ಒಟ್ಟಿಗೆ ಹೊರಗೆ ಉಣ್ಣುವ ದಿನ ವರ್ಷಕ್ಕೆ ಇದೊಂದು.

ತೆನೆ ಮುರಿದ ಮೇಲೆ ಕಣ. ನೆಲ ಕೆತ್ತಿ, ಸೆಗಣಿ ಸಾರಿಸಿ, ಗಟ್ಟಿ ಮಾಡಿದ ಕಣದ ಸುತ್ತ ದಂಟಿನ ಬಣವೆ. ಹಂತಿಯ ಹಿಂದೆ ಓಡುವುದು, ಹೊಟ್ಟಿನ ರಾಶಿಯಲ್ಲಿ ಹೊರಳುವುದು, ರಾತ್ರಿ ಅಪ್ಪನ ಜೊತೆ ಕಣ ಕಾಯುತ್ತ ಬೆಂಕಿಯ ಮುಂದೆ ಕೂರುವುದು. ರಾಶಿಯ ಮೇಲೆ ಹತ್ತಿದ ಮಗುವನ್ನು ಅಲ್ಲಿ ಯಾರೂ ಗದರುವುದಿಲ್ಲ, ಕಾಳಿಗೆ ಅದರಿಂದ ಹಾನಿಯೂ ಇಲ್ಲ. ನನ್ನ ಕಣದಲ್ಲಿ ಕುಣಿದ ಹುಡುಗ ತನ್ನ ಊರಿನಲ್ಲಿ ಜನವರಿಯಲ್ಲಿ ಮಾಡುತ್ತಿದ್ದುದನ್ನೇ ಇಲ್ಲಿಯೂ ಮಾಡಿದ್ದ. ನಾವು ಕೂಡ ಅದನ್ನು ಕಣವೆಂದೇ ಕರೆಯುತ್ತೇವಲ್ಲ!

ಕಾಲುವೆ ತಂದ ಬದಲಾವಣೆ

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಅಲ್ಲಿ ಈಗ ಮಳೆಯ ಪಂಚಾಂಗದ ಜೊತೆಗೆ ಕಾಲುವೆಯ ಪಂಚಾಂಗವೂ ಇದೆ. ನೀರು ಬಿಟ್ಟರೆ ನಾಟಿ, ಕೂಲಿ, ಎರಡನೇ ಬೆಳೆ. ಬಿಡದಿದ್ದರೆ ವಲಸೆ. ಜಲಾಶಯದ ಮೊದಲಿನ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇದ್ದದ್ದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಮ್ಮ ಲೈನಿನಲ್ಲಿದ್ದವರು ಊರಿಗೆ ಫೋನ್ ಮಾಡುತ್ತ ರಾತ್ರಿಯೆಲ್ಲ ಎದ್ದಿದ್ದರು. ನೀರು ಹೋದರೆ ಊರಿನಲ್ಲಿರುವ ಅಜ್ಜ ಅಜ್ಜಿ ಮಕ್ಕಳೂ ಇಲ್ಲಿಗೇ ಬರಬೇಕಾದೀತು ಎಂಬ ಹೆದರಿಕೆ ಅವರಿಗೆ.

ಕಾಲುವೆ ಹೊಸ ಆಟವನ್ನೂ ಹೊಸ ಅಪಾಯವನ್ನೂ ತಂದಿತು. ಸೆಕೆಗೆ ಹುಡುಗರು ಕಾಲುವೆಗೆ ಇಳಿಯುತ್ತಾರೆ. ಸಿಮೆಂಟಿನ ಇಳಿಜಾರು ದಡ ಪಾಚಿಗಟ್ಟಿ ಜಾರುತ್ತದೆ, ಹರಿಯುವ ನೀರು ಎಳೆಯುತ್ತದೆ, ಈಜು ಬಲ್ಲವನೂ ಮೇಲೆ ಹತ್ತಲಾರ. ಭತ್ತ ಕುಯ್ಯುವ ದೊಡ್ಡ ಯಂತ್ರ ಬಂದ ಮೇಲೆ ನೀರಾವರಿ ಊರುಗಳಲ್ಲಿ ಕಣವೂ ಕಡಿಮೆಯಾಗಿದೆ, ಭತ್ತ ಡಾಂಬರು ರಸ್ತೆಯ ಮೇಲೆ ಒಣಗುತ್ತದೆ. ಹೀಗೆ ಅಲ್ಲಿಯೂ ಮಕ್ಕಳ ಜಾಗ ಕುಗ್ಗುತ್ತಿದೆ. ಒಣಭೂಮಿಯ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಲ್ಲಿ ಕಣ ಇನ್ನೂ ಉಳಿದಿದೆ. ಆದರೆ ಮಳೆ ಕೈಕೊಟ್ಟ ವರ್ಷ ಕಣಕ್ಕೆ ಬರುವ ತೆನೆಯೂ ಇಲ್ಲ, ಆಡುವ ಮಕ್ಕಳೂ ಊರಿನಲ್ಲಿಲ್ಲ.

ಆ ಮಕ್ಕಳು ನಮ್ಮ ತೋಟಕ್ಕೆ ಬಂದಾಗ

ಬಯಲು ನೋಡಿ ಬೆಳೆದ ಮಗುವಿಗೆ ತೋಟ ಕಾಡಿನಂತೆ ಕಾಣುತ್ತದೆ. ಹತ್ತು ಮಾರು ಆಚೆ ಇರುವ ತಾಯಿಯೂ ಗಿಡದ ಮರೆಯಲ್ಲಿ ಕಾಣುವುದಿಲ್ಲ. ಬೆಳಗಿನ ಮಂಜು ಒಂಬತ್ತಾದರೂ ಬಿಡದು. ಅವರು ತಂದ ಬಟ್ಟೆ ಸೆಕೆಯ ಊರಿನದು. ಬಿಸಿಲಿಗೆ ಬೇಗ ಕಾಯುವ ಸಣ್ಣ ಮೈ ಒದ್ದೆಯಲ್ಲಿ ಬೇಗ ತಣ್ಣಗಾಗುತ್ತದೆ. ಜನವರಿಯಲ್ಲಿ ಲೈನಿನ ಮಕ್ಕಳಿಗೆ ಕೆಮ್ಮು ನೆಗಡಿ ಬಿಡದಿರಲು ಇದೂ ಒಂದು ಕಾರಣ.

ನಮ್ಮ ನೆಲದ ಅಪಾಯಗಳೂ ಅವರಿಗೆ ತಿಳಿಯವು. ಮುಖ್ಯವಾದುವನ್ನು ಹೇಳುತ್ತೇನೆ.

ಮೊದಲನೆಯದು ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡದ ದಡ ಕಾಲುವೆಯ ದಡದಂತೆಯೇ ಜಾರುತ್ತದೆ. ಬಿದ್ದವರು ಹತ್ತಲಾರರು. ಸುತ್ತ ಬೇಲಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ, ತೇಲುವ ಹಳೆಯ ಟ್ಯೂಬು ಇವು ಇರಲೇಬೇಕು.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣ್ಣೆಯಿಂದ ಹರಡುತ್ತದೆ. ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಂದರೆ ಸರಿಯಾಗಿ ನಮ್ಮ ಕೊಯ್ಲಿನ ಕಾಲ. ದರಗು ಗುಡಿಸುವ ಜಾಗದಲ್ಲಿ, ಕಾಡಿನ ಅಂಚಿನಲ್ಲಿ ಮಕ್ಕಳನ್ನು ಆಡಬಿಡಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಸಂಜೆ ಮೈಯಲ್ಲಿ ಉಣ್ಣೆ ಇದೆಯೇ ಎಂದು ನೋಡಿ ಬಿಸಿನೀರಿನ ಸ್ನಾನ ಮಾಡಿಸಬೇಕು.

ಮೂರನೆಯದು ಸಿಡಿಲು. ಮಾರ್ಚ್ ಏಪ್ರಿಲ್ ಹೂಮಳೆ ಗುಡುಗಿನೊಡನೆ ಬರುತ್ತದೆ. ಮಳೆ ಬಂದರೆ ಮರದ ಕೆಳಗೆ ನಿಲ್ಲುವುದು ಎಲ್ಲ ಮಕ್ಕಳ ಸ್ವಭಾವ. ಗುಡುಗು ಕೇಳಿದ ಕೂಡಲೆ ಕಟ್ಟಡದೊಳಗೆ ಬರಬೇಕೆಂದು ಮೊದಲೇ ಹೇಳಿಕೊಟ್ಟಿರಬೇಕು.

ನಾಲ್ಕನೆಯದು ಔಷಧಿಯ ಕೋಣೆ. ಮೈಲುತುತ್ತ, ಸುಣ್ಣ, ಕಳೆನಾಶಕ ಇರುವ ಕೋಣೆಗೆ ಬೀಗ ಇರಬೇಕು. ಖಾಲಿ ಡಬ್ಬಿ ಆಟದ ಸಾಮಾನಾಗಬಾರದು.

ನಾವು ಮಾಡಬಹುದಾದದ್ದು

ಮರುವರ್ಷ ನಾನು ಮಾಡಿದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಲೈನಿನ ಪಕ್ಕದಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವ ಜಾಗ ನೋಡಿ, ಹಳೆಯ ಶೀಟು ಹೊದಿಸಿ ಒಂದು ಚಪ್ಪರ ಹಾಕಿಸಿದೆ. ನೆಲಕ್ಕೆ ಅವರ ಊರಿನ ಕಣದಂತೆಯೇ ಮಣ್ಣು ಬಡಿದು ಸೆಗಣಿ ಸಾರಿಸಿದರು. ಒಂದು ಮೂಲೆಯಲ್ಲಿ ಮರಳು. ಒಣ ರೆಂಬೆ ತೆಗೆಸಿದ ಹಲಸಿನ ಮರಕ್ಕೆ ಜೋಕಾಲಿ. ಮಳೆಗಾಲಕ್ಕೆ ಉಳಿಯುವ ಮಕ್ಕಳಿಗೆಂದು ಚೌಕಾಬಾರದ ಮನೆ ಬರೆದ ಎರಡು ಹಲಗೆ. ಗುಂಪಿನ ಜೊತೆ ಬಂದಿದ್ದ ಒಬ್ಬ ಅಜ್ಜಿಗೆ ಅರ್ಧ ಹಾಜರಿ ಹಾಕಿ ಮಕ್ಕಳನ್ನು ನೋಡಿಕೊಳ್ಳಲು ಬಿಟ್ಟೆ. ಕಾಫಿ ಕಣದ ಕಡೆಗೆ ಮಕ್ಕಳು ತಾವಾಗಿಯೇ ಬರುವುದು ನಿಂತಿತು. ಗದರುವ ಅಗತ್ಯ ಬೀಳಲಿಲ್ಲ.

ಇದು ನನ್ನ ಉದಾರತೆಯಲ್ಲ. ತೋಟದ ಕೆಲಸಗಾರರ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯೇ ದೊಡ್ಡ ತೋಟಗಳಿಗೆ ಹೇಳಿತ್ತು. ನಮ್ಮಂಥ ಸಣ್ಣ ಹಿಡುವಳಿದಾರರು ಅದು ನಮಗಲ್ಲವೆಂದು ಸುಮ್ಮನಿದ್ದೆವು. ಕಾನೂನು ದೊಡ್ಡ ತೋಟಕ್ಕೆ ಇರಬಹುದು, ಮಗುವಿಗೆ ತೋಟದ ಎಕರೆ ತಿಳಿಯದು.

ಇನ್ನು ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷದ ನಡುವೆ ಬಂದ ಮಗುವನ್ನೂ ಶಾಲೆಗೆ ಸೇರಿಸಿಕೊಳ್ಳಬೇಕು, ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ನಿರಾಕರಿಸುವಂತಿಲ್ಲ. ಆಳುಗಳು ಬಂದ ವಾರದೊಳಗೆ ನಮ್ಮ ಊರಿನ ಮುಖ್ಯೋಪಾಧ್ಯಾಯರಿಗೂ ಅಂಗನವಾಡಿಗೂ ಮಕ್ಕಳ ಪಟ್ಟಿ ಕೊಡುವುದು ತೋಟದವರ ಕೆಲಸ. 14 ವರ್ಷದೊಳಗಿನ ಮಕ್ಕಳನ್ನು ಹಣ್ಣು ಆರಿಸಲು ಹಚ್ಚುವುದು ಕಾನೂನಿಗೆ ವಿರುದ್ಧ. "ತಾಯಿಯ ಜೊತೆ ಸುಮ್ಮನೆ ಆರಿಸುತ್ತಿದ್ದಾನೆ" ಎಂಬ ಸಮಜಾಯಿಷಿ ನಡೆಯದು.

ಎಳ್ಳಮಾವಾಸ್ಯೆಯ ರಜೆಯ ಬಗ್ಗೆ ಒಂದು ಸಲಹೆ. ಹಬ್ಬದ ದಿನ ಪಂಚಾಂಗದಲ್ಲಿ ಮೊದಲೇ ಗೊತ್ತಿರುತ್ತದೆ. ಅದನ್ನು ನೋಡಿ ಕೊಯ್ಲಿನ ಸುತ್ತುಗಳನ್ನು ಹಂಚಿಕೊಂಡರೆ ನಾಲ್ಕು ದಿನ ಬಿಡುವು ಕೊಡುವುದು ಕಷ್ಟವಲ್ಲ. ಹೋಗಲಾರದವರಿಗೆ ಆ ದಿನ ತೋಟದಲ್ಲೇ ಊಟದ ವ್ಯವಸ್ಥೆ ಮಾಡಬಹುದು. ನನ್ನಲ್ಲಿ ಈಗ ಹಾಗೆಯೇ ನಡೆಯುತ್ತಿದೆ. ಅವರು ಕಾಫಿ ಗಿಡದ ಬುಡಕ್ಕೇ ಚರಗ ಚೆಲ್ಲುತ್ತಾರೆ. ಮೊದಲ ವರ್ಷ ನನಗೆ ಸಂಕೋಚವಾಯಿತು. ಈಗ ನನ್ನ ಮನೆಯವರೂ ಹೋಗಿ ಪಂಕ್ತಿಯಲ್ಲಿ ಕೂರುತ್ತಾರೆ.

ಅಂದು ಹೊರಟುಹೋದ ಆರು ಜೋಡಿಗಳಲ್ಲಿ ನಾಲ್ಕು ಜೋಡಿ ಎರಡು ವರ್ಷದ ಮೇಲೆ ಮರಳಿ ಬಂದರು. ಆ ಹುಡುಗನ ತಾಯಿ ತಂದೆ ಬರಲಿಲ್ಲ. ಅವರ ಊರಿಗೆ ಹೋದಾಗ ಹುಡುಗನನ್ನು ಕಂಡು ಮಾತಾಡಿಸಲು ನೋಡಿದೆ. ನನ್ನನ್ನು ಗುರುತಿಸಿದ, ಮಾತಾಡದೆ ಓಡಿಹೋದ. ಆ ಲೆಕ್ಕ ಚುಕ್ತಾ ಆಗದೆ ಉಳಿದಿದೆ.

ಬರುವ ಕೊಯ್ಲು ಆರಂಭವಾಗುವ ಮೊದಲು ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯರೂ ತಮ್ಮ ಲೈನಿಗೆ ಎಷ್ಟು ಮಕ್ಕಳು ಬರುತ್ತವೆ, ಅವು ಎಲ್ಲಿ ಆಡುತ್ತವೆ ಎಂಬ ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮಸ್ಟರ್ ಪುಸ್ತಕದ ಕೊನೆಯ ಪುಟ ಹೇಗೂ ಖಾಲಿ ಇರುತ್ತದೆ.

— ಕಾರ್ಯದರ್ಶಿ